ಧಾರವಾಡಕ್ಕೆ ಹೋಗುವ ಮಾತು

ನಮ್ಮ ಕಡೆಯಲ್ಲಿ ಕೆಲವು ಊರುಗಳ ಹೆಸರಿಗೆ ಎರಡೆರಡು ಅರ್ಥಗಳುಂಟು. ಚಿಂಚಲಿಯ ರೈಲು ನಿಲ್ದಾಣದಿಂದ ಹಳಿಯು ಒಂದು ದಿಕ್ಕಿಗೆ ಕುಡಚಿ, ಉಗಾರಗಳನ್ನು ದಾಟಿ ಮಿರಜಿಗೆ ಹೋಗುತ್ತದೆ; ಇನ್ನೊಂದು ದಿಕ್ಕಿಗೆ ರಾಯಬಾಗ, ಘಟಪ್ರಭಾ, ಬೆಳಗಾವಿ, ಲೋಂಡಾಗಳ ಮೇಲಿಂದ ಧಾರವಾಡಕ್ಕೆ ಹೋಗುತ್ತದೆ. ಮಿರಜಿಗೆ ಹೋಗುವುದೆಂದರೆ ದವಾಖಾನೆಗೆ ಹೋಗುವುದೆಂದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಮೂತ್ರದ ಹರಳಿರಲಿ, ಕಣ್ಣಿನ ಪೊರೆಯಿರಲಿ, ಮುರಿದ ಕಾಲಿರಲಿ, “ಮಿರಜಿಗೆ ಹೋಗಿದ್ನಿ” ಎಂದು ಜನ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಂದಿಯ ಮುಂದೆ ಹೇಳುತ್ತಾರೆ. ಕೇಳಿದವರು ಡಾಕ್ಟರರ ಹೆಸರನ್ನೂ ಆದ ಖರ್ಚನ್ನೂ ವಿಚಾರಿಸಿಕೊಳ್ಳುತ್ತಾರೆ. ನಾಳೆ ತಮಗೂ ಬೇಕಾದೀತೆಂಬ ಎಣಿಕೆ ಅವರದು.

ಧಾರವಾಡದ ಮಾತು ಹಾಗಲ್ಲ. ಕವಿಗಳ ಊರು, ಸಂಗೀತದ ಊರು, ಪೇಢೆಯ ಊರು, ವಿಶ್ವವಿದ್ಯಾಲಯದ ಊರು ಎಂದು ನಾವು ಹೆಮ್ಮೆಪಡುವ ಆ ಊರಿನ ಹೆಸರು ಅದೇ ಕಟ್ಟೆಯ ಮೇಲೆ ಬೈಗುಳವೂ ಆಗಿದೆ. ಯಾವನಾದರೂ ಎರಡು ಮಾತು ಹೆಚ್ಚುಕಡಿಮೆ ಆಡಿದರೆ ಸಾಕು, “ಇವನ್ನ ಧಾರವಾಡಕ್ಕ ಕಳಸ್ರಿ” ಎನ್ನುತ್ತಾರೆ, ಸುತ್ತಲಿದ್ದವರು ನಗುತ್ತಾರೆ. ಎಂ.ಎ. ಓದಲು ಕಳಿಸಿರೆಂದು ಯಾರೂ ತಿಳಿಯುವುದಿಲ್ಲ. ಏಕೆಂದರೆ 1845ರಷ್ಟು ಹಿಂದೆಯೇ ಇಂಗ್ಲಿಷರು ಅಲ್ಲಿ ಹುಚ್ಚರ ಆಸ್ಪತ್ರೆಯೊಂದನ್ನು ತೆರೆದಿದ್ದರು. ಅಲ್ಲಿಯ ವಿಶ್ವವಿದ್ಯಾಲಯಕ್ಕಿಂತ ಅದು ನೂರು ವರ್ಷಗಳಷ್ಟು ಹಿರಿಯದು. ಇಂದು ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಎಂಬ ಹೆಸರಿನಿಂದ ರೋಗಿಗಳನ್ನು ನೋಡುವುದರ ಜೊತೆಗೆ ಮನೋವೈದ್ಯರನ್ನೂ ತಯಾರು ಮಾಡುತ್ತಿದೆ. ಹೆಸರು ಬದಲಾಯಿತು, ಚಿಕಿತ್ಸೆ ಬದಲಾಯಿತು. ನಮ್ಮ ಕಟ್ಟೆಯ ನಗೆ ಮಾತ್ರ ಬದಲಾಗಲಿಲ್ಲ. ಈ ನಗೆಯಿಂದ ಯಾರಿಗೂ ಕೇಡಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಈ ನಗೆಗೆ ಅಂಜಿಯೇ ನಮ್ಮ ಮನೆಗಳಲ್ಲಿ ಗುಣವಾಗುವ ರೋಗಗಳು ವರ್ಷಗಟ್ಟಲೆ ಮುಚ್ಚಿಡಲ್ಪಡುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ತೊಡಕು ನಮ್ಮ ಮಾತಿನಲ್ಲಿಯೇ ಇದೆ. ಶರೀರದ ಬೇನೆಗಳಿಗೆ ನಮ್ಮಲ್ಲಿ ನೂರು ಹೆಸರುಗಳಿವೆ. ನೆಗಡಿಯನ್ನು ನಾವು ಕ್ಷಯವೆಂದು ಕರೆಯುವುದಿಲ್ಲ. ಅಜೀರ್ಣವನ್ನು ಕಾಲರಾ ಎಂದು ಕರೆಯುವುದಿಲ್ಲ. ಮನಸ್ಸಿನ ಬೇನೆಗೆ ಮಾತ್ರ ಒಂದೇ ಹೆಸರು: ಹುಚ್ಚು. ಅರಿವೆ ಹರಿದುಕೊಂಡು ಬೀದಿಯಲ್ಲಿ ತಿರುಗುವವನಿಗೂ ಅದೇ ಹೆಸರು. ನಿದ್ದೆ ಬಾರದೆ ಮೂರು ತಿಂಗಳಿಂದ ಗೋಡೆ ನೋಡುತ್ತ ಮಲಗಿದ ಹೆಣ್ಣುಮಗಳಿಗೂ ಅದೇ ಹೆಸರು. ಹೀಗಿರುವಾಗ ಆ ಹೆಣ್ಣುಮಗಳು ತನ್ನ ಬೇನೆಯನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ವಾಸ್ತವವಾಗಿ ಮನೋವೈದ್ಯರ ಬಳಿಗೆ ಬರುವ ಬೇನೆಗಳಲ್ಲಿ ಸಾಮಾನ್ಯವಾದವು ಬೇರೆಯೇ ಇವೆ. ಖಿನ್ನತೆ ಅವುಗಳಲ್ಲಿ ಮೊದಲನೆಯದು. ಎರಡು ವಾರಗಳಿಗೂ ಮೇಲ್ಪಟ್ಟು ಬಹುತೇಕ ದಿನವೆಲ್ಲ ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗಿದ್ದದ್ದು ಯಾವುದೂ ಬೇಡವೆನಿಸುವುದು, ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ರೊಟ್ಟಿ ಗಂಟಲಲ್ಲಿ ಇಳಿಯದಿರುವುದು, ‘ನಾನು ಯಾತಕ್ಕೂ ಬಾರದವನು’ ಎಂಬ ಒಂದೇ ವಿಚಾರ ಸುತ್ತಿ ಸುತ್ತಿ ಬರುವುದು ಇದರ ಗುರುತುಗಳು. ಎರಡನೆಯದು ಆತಂಕ. ಕಾರಣವಿಲ್ಲದೆ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಕೆಲವರಿಗೆ ಇದು ಕೆಲವೇ ನಿಮಿಷಗಳಲ್ಲಿ ಏರಿ, ಈಗಲೇ ಸತ್ತೆನೆಂದು ಅನಿಸಿ, ಮನೆಯವರೆಲ್ಲ ಸೇರಿ ಹೃದಯದ ಡಾಕ್ಟರರ ಬಳಿಗೆ ಓಡುತ್ತಾರೆ. ಹೃದಯದಲ್ಲಿ ದೋಷವೇನೂ ಕಾಣುವುದಿಲ್ಲ. ಮೂರನೆಯದು ಗೀಳು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವುದು, ಹಾಕಿದ ಕೀಲಿಯನ್ನೇ ಹತ್ತು ಸಲ ಜಗ್ಗಿ ನೋಡುವುದು. ನಮ್ಮ ಮನೆಗಳಲ್ಲಿ ಇದು ‘ಬಲು ಮಡಿವಂತಿಕೆ’ ಎಂಬ ಹೊಗಳಿಕೆಯ ಹೆಸರಿನಲ್ಲಿ ಹತ್ತು ವರ್ಷ ನಡೆದುಹೋಗಬಹುದು. ಹೆರಿಗೆಯಾದ ಮೇಲೆ ಬರುವ ಖಿನ್ನತೆಯನ್ನಂತೂ ಬಾಣಂತಿಯ ಸೊಕ್ಕೆಂದು ಬೈಯುವವರೇ ಹೆಚ್ಚು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಜನರಲ್ಲಿ ಮನಸ್ಸಿನ ಬೇನೆ ಬಹಳ ಸಲ ಮನಸ್ಸಿನ ಬಾಯಿಂದ ಮಾತನಾಡುವುದಿಲ್ಲ. ಶರೀರದ ಬಾಯಿಂದ ಮಾತನಾಡುತ್ತದೆ. “ನನಗ ದುಃಖ ಆಗೈತಿ” ಎಂದು ಹೊಲದಲ್ಲಿ ಕಬ್ಬು ಕಡಿಯುವವನು ಹೇಳಲಾರ. ಅವನು ತಲೆ ಕಾದಂತಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ಮೈಯಲ್ಲಿ ಶಕ್ತಿಯಿಲ್ಲ ಎನ್ನುತ್ತಾನೆ. ಊರಿನ ಡಾಕ್ಟರರು ಶಕ್ತಿಯ ಇಂಜೆಕ್ಷನ್ ಕೊಡುತ್ತಾರೆ, ಸಲಾಯಿನ್ ಹಚ್ಚುತ್ತಾರೆ. ಎರಡು ದಿನ ಹಗುರೆನಿಸುತ್ತದೆ; ಮೂರನೆಯ ದಿನ ಹಳೆಯ ಕಥೆ. ಹೀಗೆ ಒಂದು ಎಮ್ಮೆಯ ಬೆಲೆ ಸಲಾಯಿನ್ ಬಾಟಲಿಗಳಲ್ಲಿ ಇಳಿದುಹೋಗುತ್ತದೆ, ರೋಗದ ಹೆಸರು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ.

ಇದು ನಮ್ಮೊಬ್ಬರ ಊರಿನ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಸಿದರು. ಅದರ ಪ್ರಕಾರ ವಯಸ್ಕರಲ್ಲಿ 100ಕ್ಕೆ ಸುಮಾರು 10 ಜನ ಒಂದಿಲ್ಲೊಂದು ಮಾನಸಿಕ ಬೇನೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕಗಳಂಥ ಸಾಮಾನ್ಯ ಬೇನೆಯುಳ್ಳವರಲ್ಲಿ 100ಕ್ಕೆ ಸುಮಾರು 85 ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕಾಲು ಮುರಿದ ನೂರು ಜನರಲ್ಲಿ ಎಂಬತ್ತೈದು ಜನ ಮನೆಯಲ್ಲಿಯೇ ಕುಂಟುತ್ತ ಕುಳಿತಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಚಿಕಿತ್ಸೆಯೇ ಇಲ್ಲದ ರೋಗವಾಗಿದ್ದರೆ ಈ ಮಾತು ಬೇರೆ. ಒಂದು ಕಾಲಕ್ಕೆ ಹಾಗೆಯೇ ಇತ್ತು. 1952ರಲ್ಲಿ ಪ್ಯಾರಿಸ್ ನಗರದಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ತೀವ್ರ ಮನೋರೋಗಿಗಳಿಗೆ ಕೊಟ್ಟು ಗುಣ ಕಂಡರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ಔಷಧಿಯಿಂದ ಖಿನ್ನತೆ ಇಳಿಯುತ್ತದೆಂದು ಪ್ರಕಟಿಸಿದರು. ಅಲ್ಲಿಂದ ಇಲ್ಲಿಯ ವರೆಗೆ ಹೆಚ್ಚು ಸುರಕ್ಷಿತವಾದ ಗುಳಿಗೆಗಳು ಬಂದಿವೆ. ಇವುಗಳ ಬಗ್ಗೆ ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ‘ಒಮ್ಮೆ ಹಿಡಿದರೆ ಚಟವಾಗುತ್ತದೆ’ ಎಂಬುದು ಒಂದು. ನಿದ್ದೆಯ ಗುಳಿಗೆಯನ್ನು ಬಹುಕಾಲ ತೆಗೆದುಕೊಂಡರೆ ಚಟವಾಗುವುದು ನಿಜ. ಆದ್ದರಿಂದಲೇ ವೈದ್ಯರು ಅದನ್ನು ಸ್ವಲ್ಪ ದಿನಗಳಿಗೆ ಮಾತ್ರ ಕೊಡುತ್ತಾರೆ. ಖಿನ್ನತೆಯ ಗುಳಿಗೆ ಅಂಥದಲ್ಲ. ‘ನಾಲ್ಕು ದಿನ ನುಂಗಿದೆ, ಏನೂ ಆಗಲಿಲ್ಲ’ ಎಂಬುದು ಇನ್ನೊಂದು. ಈ ಗುಳಿಗೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಇತ್ಯಾದಿ ಆಗಬಹುದು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಬಿಡುವಾಗ ವೈದ್ಯರನ್ನು ಕೇಳಿ ಮೆಲ್ಲಗೆ ಬಿಡಬೇಕು. ಬಿತ್ತಿದ ನಾಲ್ಕನೆಯ ದಿನಕ್ಕೆ ಜೋಳದ ತೆನೆಯನ್ನು ಕೇಳದ ರೈತ, ಗುಳಿಗೆಯ ವಿಷಯದಲ್ಲಿ ಮಾತ್ರ ಅವಸರ ಮಾಡುವುದು ಸರಿಯಲ್ಲ.

ಎಲ್ಲರಿಗೂ ಗುಳಿಗೆಯೇ ಬೇಕೆಂದೇನೂ ಅಲ್ಲ. ಮಾತಿನ ಚಿಕಿತ್ಸೆಯೆಂಬುದೂ ಉಂಟು. ಅದೆಂದರೆ ಬರಿಯ ಸಮಾಧಾನದ ಮಾತಲ್ಲ. ಅಂಜಿಕೆ ಹುಟ್ಟಿಸುವ ಸಂಗತಿಯನ್ನು ಹಂತಹಂತವಾಗಿ ಎದುರಿಸಲು ಕಲಿಸುವುದು, ‘ನಾನು ಯಾತಕ್ಕೂ ಬಾರದವನು’ ಎಂಬ ವಿಚಾರವನ್ನು ಪರೀಕ್ಷೆಗೆ ಹಚ್ಚುವುದು, ನಿಂತುಹೋದ ಕೆಲಸಗಳನ್ನು ದಿನಕ್ಕಿಷ್ಟೆಂದು ಮತ್ತೆ ಆರಂಭಿಸುವುದು, ಹೀಗೆ ಅದಕ್ಕೊಂದು ಕ್ರಮವಿದೆ. ನಮ್ಮ ನೆರೆಯ ಗೋವೆಯಲ್ಲಿ, ಮನೋವೈದ್ಯವನ್ನು ಓದಿರದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಅವರ ಮೂಲಕ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯ ರೋಗಿಗಳಿಗೆ ಆರರಿಂದ ಎಂಟು ಸಲ ಇಂಥ ಚಿಕಿತ್ಸೆ ಕೊಡಿಸಿ ನೋಡಿದರು. ಅದರಿಂದ ಗುಣವಾದದ್ದನ್ನು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಗೋವೆಯಲ್ಲಿ ಆದದ್ದು ರಾಯಬಾಗ ತಾಲೂಕಿನಲ್ಲಿ ಆಗಬಾರದೆಂದೇನಿದೆ?

ಹಾಗಾದರೆ ಜನ ಏಕೆ ಹೋಗುವುದಿಲ್ಲ? ‘ನಮ್ಮ ಜನ ಮೂಢರು, ದೇವರು ದಿಂಡಿರೆಂದು ಕುಳಿತುಬಿಡುತ್ತಾರೆ’ ಎಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಇದೇ ಜನ ಹರಕೆ ಹೊತ್ತೂ ಮಿರಜಿಗೆ ಹೋಗುತ್ತಾರೆ. ಚಿಂಚಲಿಯ ಮಾಯಕ್ಕನಿಗೆ ಕೈಮುಗಿದು ಬಂದೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುತ್ತಾರೆ. ದೇವರು ಅವರನ್ನು ಶಸ್ತ್ರಚಿಕಿತ್ಸೆಯಿಂದ ತಡೆಯಲಿಲ್ಲವೆಂದ ಮೇಲೆ ಮನೋವೈದ್ಯರಿಂದ ಮಾತ್ರ ಏಕೆ ತಡೆಯಬೇಕು? ತಡೆಯುವುದು ನಾಚಿಕೆ. ಆ ನಾಚಿಕೆಯ ಬೇರು ಲಗ್ನದ ಮಾತಿನಲ್ಲಿದೆ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮಲ್ಲಿ ಗಾದೆಯಿದೆ. ನಗಲಿಕ್ಕೆ ಹೇಳುವ ಈ ಗಾದೆಯನ್ನು ನಮ್ಮ ಮನೆಗಳು ನಿಜವೆಂದೇ ನಡೆಸುತ್ತಿವೆ. ನನ್ನ ವರ್ಗದ ಗೆಳೆಯನೊಬ್ಬನ ಮಾತನ್ನು, ಅವನ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಇಲ್ಲಿ ಹೇಳುತ್ತೇನೆ. ಮೊದಲ ವರ್ಷ ಮುಂದಿನ ಬಾಕಿನಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದವನು ಎರಡನೆಯ ವರ್ಷ ಬರುವುದನ್ನೇ ಬಿಟ್ಟ. ರಾತ್ರಿ ನಿದ್ದೆಯಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ, ಯಾರ ಮುಖವೂ ಬೇಡ. ಸಲಾಯಿನ್ ಆಯಿತು, ಹರಕೆಯಾಯಿತು, ‘ಯಾರೋ ಮಾಡಿಸಿದ್ದಾರೆ’ ಎಂದು ನಿಂಬೆಹಣ್ಣು ಮಂತ್ರಿಸಿದ್ದಾಯಿತು. ಮನೋವೈದ್ಯರಿಗೆ ತೋರಿಸೋಣವೆಂದು ಅವನ ಸೋದರಮಾವ ಹೇಳಿದಾಗ ತಾಯಿ ಅತ್ತಳಂತೆ: “ಧಾರವಾಡದ ಹೆಸರ ಬಂದರ ನಮ್ಮ ಹುಡಗೀನ ಯಾರ ಮಾಡ್ಕೊಂತಾರೋ ಯಣ್ಣಾ?” ತಂಗಿಯ ಲಗ್ನವಾಗುವ ವರೆಗೆ, ಅಂದರೆ ಒಂದು ವರ್ಷಕ್ಕೂ ಮೇಲೆ, ಆ ಹುಡುಗ ಹಿತ್ತಲ ಕೋಣೆಯಲ್ಲಿ ಹಾಗೆಯೇ ಇದ್ದ. ಅಕ್ಕಿಕಾಳು ಬಿದ್ದ ಮೇಲೆ ಅವನನ್ನು ಸರಕಾರಿ ದವಾಖಾನೆಯ ಮನೋವೈದ್ಯರಿಗೆ ತೋರಿಸಿದರು. ಖಿನ್ನತೆ ಎಂದರು, ಗುಳಿಗೆ ಕೊಟ್ಟರು, ತಿಂಗಳಿಗೊಮ್ಮೆ ಕರೆದು ಮಾತನಾಡಿಸಿದರು. ಒಂದೂವರೆ ತಿಂಗಳಿಗೆ ನಿದ್ದೆ ಬಂತು. ಮೂರನೆಯ ತಿಂಗಳಿಗೆ ಪುಸ್ತಕ ಹಿಡಿದ. ಆ ತಾಯಿಯನ್ನು ನಾನು ಬೈಯಲಾರೆ. ಮಗನ ಬೇನೆ ಒಂದು ಕೈಯಲ್ಲಿ, ಮಗಳ ಬಾಳು ಇನ್ನೊಂದು ಕೈಯಲ್ಲಿ ಇಟ್ಟು ತೂಗುವ ಗತಿಯನ್ನು ಅವಳಿಗೆ ತಂದವರು ನಾವು. ಗುಣವಾಗಿ ಬಂದ ಗೆಳೆಯ ವರ್ಗದವರಿಗೆಲ್ಲ ತನಗೆ ಕಾಮಾಲೆಯಾಗಿತ್ತೆಂದು ಹೇಳಿಕೊಂಡ. ಕಾಮಾಲೆಗೆ ನಾಚಿಕೆಯಿಲ್ಲವಲ್ಲ!

ಗುಡಿಯ ವಿಷಯಕ್ಕೆ ಮರಳುತ್ತೇನೆ. 2002ರಲ್ಲಿ ನಿಮ್ಹಾನ್ಸಿನ ಸಂಶೋಧಕರು ತಮಿಳುನಾಡಿನ ಒಂದು ಹಳ್ಳಿಯ ಗುಡಿಯಲ್ಲಿ ತಂಗಿದ್ದ 31 ಮನೋರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಔಷಧಿಯಿಲ್ಲ, ರೋಗಿಯ ಜೊತೆಗೆ ಮನೆಯವರೊಬ್ಬರು ಇರುತ್ತಿದ್ದರು, ಸಣ್ಣಪುಟ್ಟ ಕೆಲಸಗಳಿದ್ದವು, ಹೊಡೆತವಿಲ್ಲ, ಬಡಿತವಿಲ್ಲ. ಸರಾಸರಿ ಆರು ವಾರಗಳಲ್ಲಿ ರೋಗದ ಲಕ್ಷಣಗಳು 100ಕ್ಕೆ 20ರಷ್ಟು ಇಳಿದಿದ್ದವು. ಶಾಂತವಾದ ಸ್ಥಳ, ಜೊತೆಗಿರುವ ಜೀವ, ಮರ್ಯಾದೆಯ ಮಾತು ಇವುಗಳಿಗೂ ಗುಣವಿದೆಯೆಂದು ಇದರಿಂದ ತಿಳಿಯಬೇಕು. ಆದರೆ ಅದರ ಮುಂದಿನ ವರ್ಷವಲ್ಲ, ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಪ್ರಾರ್ಥನೆ ಬೇರೆ, ಸರಪಳಿ ಬೇರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಇಂದು ಅಪರಾಧ. ಕರ್ನಾಟಕದ 2017ರ ವಾಮಾಚಾರ ತಡೆ ಕಾಯಿದೆ 2020ರಲ್ಲಿ ಜಾರಿಗೆ ಬಂದಿದೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ 2013ರಿಂದಲೇ ಇಂಥ ಕಾಯಿದೆಯಿದೆ. ಗುಜರಾತದ ಉನಾವಾ ಎಂಬಲ್ಲಿಯ ಮೀರಾ ದಾತಾರ ದರ್ಗಾದಲ್ಲಿ ಇನ್ನೂ ಒಳ್ಳೆಯ ದಾರಿ ಹುಡುಕಿದ್ದಾರೆ. ಅಲ್ಲಿ ದುವಾ ಮಾಡಿಸಲು ಬಂದವರಿಗೆ ಅಲ್ಲಿಯೇ ಮನೋವೈದ್ಯರಿಂದ ದವಾ ಕೂಡ ದೊರೆಯುವಂತೆ ಮಾಡಿದ್ದಾರೆ.

ಮಾಘ ಮಾಸದ ಭಾರತ ಹುಣ್ಣಿಮೆಗೆ ನಮ್ಮ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಕೂಡುತ್ತದೆ. ಕರ್ನಾಟಕದಿಂದ ಬಂದವರಷ್ಟೇ ಮಹಾರಾಷ್ಟ್ರದಿಂದ ಬಂದವರೂ ಕಾಣುತ್ತಾರೆ. ಎತ್ತಿನ ಗಾಡಿಗಳ ಸಾಲು ನೋಡುವಂತಿರುತ್ತದೆ. ಮನೆಯ ಚಿಂತೆಯನ್ನು ಹೊತ್ತು ಬಂದು ದೇವಿಯ ಮುಂದೆ ಇಳಿಸುವ ಜನ ಅವರು. ಅಂಥ ಜಾತ್ರೆಯಲ್ಲಿ ಒಂದು ಚಪ್ಪರದ ಕೆಳಗೆ ಕನ್ನಡ ಮರಾಠಿ ಎರಡೂ ಬಲ್ಲ ಮನೋವೈದ್ಯರೊಬ್ಬರು ಕುಳಿತುಕೊಳ್ಳುವಂತೆ ಆರೋಗ್ಯ ಇಲಾಖೆಯವರೂ ದೇವಸ್ಥಾನದವರೂ ಕೂಡಿ ಏರ್ಪಾಡು ಮಾಡಬಾರದೇ? ಫಲಕದ ಮೇಲೆ ‘ಮಾನಸಿಕ ರೋಗ’ ಎಂದು ಬರೆಯಬೇಕಾಗಿಲ್ಲ. ‘ನಿದ್ದೆ ಬಾರದವರು, ಚಿಂತೆ ಹೆಚ್ಚಾದವರು ಇಲ್ಲಿ ಬರಬೇಕು’ ಎಂದು ಬರೆದರೆ ಸಾಕು, ಸಾಲು ನಿಲ್ಲುತ್ತದೆ.

ಹಳೆಯ ಹುಚ್ಚಾಸ್ಪತ್ರೆಗಳ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ವರದಿಯೇ ದೇಶದ ಅನೇಕ ಮಾನಸಿಕ ಆಸ್ಪತ್ರೆಗಳು ಸೆರೆಮನೆಗಳಂತಿವೆಯೆಂದು ಬರೆದಿತ್ತು. ಆದರೆ ಇನ್ನೊಂದು ದಾರಿಯನ್ನು ತೋರಿಸಿದವರೂ ನಮ್ಮವರೇ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. 1985ರಿಂದ ನಿಮ್ಹಾನ್ಸಿನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ಮನಸ್ಸಿನ ಬೇನೆಗೆ ಹಳ್ಳಿಯ ಹತ್ತಿರವೇ ಔಷಧಿ ಸಿಗುವಂತೆ ಮಾಡಿದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮನೋಚೈತನ್ಯ ಎಂಬ ಹೆಸರಿನಿಂದ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಯೋಜನೆಯನ್ನೂ ರಾಜ್ಯ ಸರಕಾರ ಮಾಡಿದೆ. ಹೀಗೆ ಖಿನ್ನತೆ, ಆತಂಕಗಳಿಗೆ ಧಾರವಾಡದ ವರೆಗೆ ಹೋಗುವ ಅವಶ್ಯಕತೆಯೇ ಬಹಳ ಸಲ ಬೀಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ನಾಗರಿಕನ ಹಕ್ಕೆಂದು ಸಾರಿದೆ. ಸರಪಳಿ ಹಾಕುವುದನ್ನು ನಿಷೇಧಿಸಿದೆ. ಜೀವ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ತಿಳಿದು ಆರೈಕೆ ಮಾಡಬೇಕೇ ಹೊರತು ಶಿಕ್ಷಿಸಬಾರದೆಂದು ಅದರ 115ನೆಯ ಕಲಮು ಹೇಳುತ್ತದೆ. ಕಾಯಿದೆ ಕರುಣೆಯನ್ನು ಕಲಿತಿದೆ. ಕಟ್ಟೆ ಇನ್ನೂ ಕಲಿಯಬೇಕಾಗಿದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಕಬ್ಬಿನ ಬಿಲ್ಲು ಬಂದಿಲ್ಲ, ಬ್ಯಾಂಕಿನ ನೋಟೀಸು ಬಂದಿದೆ, ಮಗನಿಗೆ ನೌಕರಿಯಿಲ್ಲ. ಇಂಥ ಚಿಂತೆಗೆ ಗುಳಿಗೆ ಏನು ಮಾಡೀತು?’ ಈ ಪ್ರಶ್ನೆ ನ್ಯಾಯವಾದದ್ದೇ. ಗುಳಿಗೆ ಸಾಲ ತೀರಿಸುವುದಿಲ್ಲ. ಬಡತನವನ್ನು ರೋಗವೆಂದು ಕರೆದು ಕೈತೊಳೆದುಕೊಳ್ಳುವ ಆಡಳಿತವನ್ನು ನಾನು ಒಪ್ಪುವುದೂ ಇಲ್ಲ. ಆದರೆ ಎಲ್ಲ ದುಃಖವೂ ರೋಗವಲ್ಲವೆಂಬುದು ಎಷ್ಟು ನಿಜವೋ, ದುಃಖದಿಂದ ಹುಟ್ಟಿದ ರೋಗವೂ ರೋಗವೇ ಎಂಬುದು ಅಷ್ಟೇ ನಿಜ. ಎರಡು ತಿಂಗಳಿಂದ ನಿದ್ದೆಯಿಲ್ಲದವನು ಬ್ಯಾಂಕಿನ ಸಾಹೇಬರ ಮುಂದೆ ನಿಂತು ಕಂತು ಕೇಳಿಕೊಳ್ಳಲಾರ, ಕಾರ್ಖಾನೆಯವರ ಮುಂದೆ ಬಾಕಿ ಕೇಳಲಾರ. ಹೋರಾಡುವುದಕ್ಕಾದರೂ ಅವನಿಗೆ ಮೊದಲು ನಿದ್ದೆ ಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಬಹಳ ಜನರ ಮನೆಗಳಲ್ಲಿ ಕಾಲೇಜು ಕಂಡವರು ನಾವೇ ಮೊದಲು. ದವಾಖಾನೆಯ ಚೀಟಿಯನ್ನು ಓದಿ ಹೇಳಲು, ಬ್ಯಾಂಕಿನ ಅರ್ಜಿ ತುಂಬಲು ಓಣಿಯವರು ನಮ್ಮನ್ನೇ ಕರೆಯುತ್ತಾರೆ. ನಮ್ಮ ಮಾತಿಗೆ ಅಷ್ಟು ಬೆಲೆಯಿರುವಾಗ ಅದನ್ನು ನಗೆಗೆ ಖರ್ಚು ಮಾಡುವುದೇಕೆ? ಕನ್ನಡಕ್ಕೆ ಈ ವಿಷಯ ಹೊಸದೂ ಅಲ್ಲ. ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನೇ ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸಿನ ಬೇನೆಗಳನ್ನು ಕುರಿತು ಕನ್ನಡದಲ್ಲಿ ಬರೆದ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ನಗಿಸುವುದೂ ಬೇನೆಯನ್ನು ಅರಿಯುವುದೂ ಒಬ್ಬನೇ ಮನುಷ್ಯನಲ್ಲಿ ಕೂಡಬಹುದೆಂಬುದಕ್ಕೆ ಅವರೇ ಸಾಕ್ಷಿ.

ನಾವು ಮಾಡಬಹುದಾದದ್ದು ಬಹಳವಿಲ್ಲ, ಆದರೆ ಕಠಿಣವೂ ಅಲ್ಲ. ಓಣಿಯಲ್ಲಿ ಯಾರಾದರೂ ನಿದ್ದೆಯಿಲ್ಲವೆಂದರೆ ‘ಎಷ್ಟು ದಿನದಿಂದ?’ ಎಂದು ಕೇಳೋಣ. ಎರಡು ವಾರ ದಾಟಿದ್ದರೆ ತಾಲೂಕು ದವಾಖಾನೆಗೆ ಜೊತೆಯಾಗಿ ಹೋಗೋಣ. ಮೊದಲ ಸಲ ಒಬ್ಬರೇ ಹೋಗುವುದು ಬಹಳ ಕಷ್ಟ. ಸಾಯುವ ಮಾತು ಆಡಿದವರನ್ನು ಗದರಿಸದೆ, ಒಬ್ಬರನ್ನೇ ಬಿಡದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯೋಣ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲೂ ರಾತ್ರಿಯೂ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಕಾಲೇಜಿನ ಫಲಕದ ಮೇಲೂ ವಸತಿಗೃಹದ ಬಾಗಿಲ ಮೇಲೂ ಬರೆದಿಡೋಣ. ಪೂಜ್ಯ ಗುರುಗಳಲ್ಲಿಯೂ ಒಂದು ವಿನಂತಿ: ಹಾಜರಿ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ತಿಂಗಳೆಲ್ಲ ಗೈರುಹಾಜರಿ ಕಂಡರೆ ಹೆಸರನ್ನು ಹೊಡೆದುಹಾಕುವ ಮೊದಲು ಆ ಮನೆಗೆ ಒಂದು ಮಾತು ಹೇಳಿ ಕಳಿಸಬೇಕು.

ಇನ್ನು, ಗುಣವಾಗಿ ಮರಳಿ ಬಂದವರು ತಮಗೆ ಕಾಮಾಲೆಯಾಗಿತ್ತೆಂದು ಸುಳ್ಳು ಹೇಳಬೇಕಾಗದಂಥ ವರ್ಗವನ್ನು, ಅಂಥ ಕಟ್ಟೆಯನ್ನು ಕಟ್ಟುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಸರಕಾರದ ಅನುದಾನ ಬೇಕಾಗಿಲ್ಲ; ನಮ್ಮ ನಾಲಿಗೆಯ ಮೇಲೆ ಸ್ವಲ್ಪ ಹಿಡಿತವಿದ್ದರೆ ಸಾಕು.